ಪಕ್ಕದ ಮನೆಯ ಆಸ್ಲೌಗ್

ಹಾರ್ಸ್ತಾದ್,
ಮೇ ೯, ಗುರುವಾರ

ಮುದ್ದಿನ ತಿರಿಲ್,

ನೀನು ಮತ್ತೆ ಮತ್ತೆ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದ್ದರೆ ಏನೂ ಆಗಿಲ್ಲ, ಎಲ್ಲ ಸರಿಯಾಗಿದೆ ಎಂದುಬಿಡುತ್ತಿದ್ದೆ. ಫೋನಿನಲ್ಲಿ ಹಾಗೆ ಹೇಳುವುದು ನನಗೆ ಸಲೀಸು. ಅದಕ್ಕೇ ಬರೆಯಲು ಕೂತೆ.

ಶನಿವಾರ ನಿಮ್ಮ ದುಗ್ನಾದ್ ಶ್ರಮದಾನದಲ್ಲಿ ಸಾಲುಮನೆಯವರೆಲ್ಲ ಸೇರಿ ಅಂಗಳ ಹಸನು ಮಾಡುತ್ತಿದ್ದಾಗ, ಅಂಗಡಿಯಿಂದ ಕರೆ ಬಂತು, ಕೆಲಸಕ್ಕೆ ಹೋಗಲೇಬೇಕು ಎಂದು ನಾನು ಚೀಲ ಎತ್ತಿಕೊಂಡು ಹೊರಟೆನಲ್ಲ, ಯಾರೂ ಕರೆದಿರಲಿಲ್ಲ. ನನ್ನ ವಿಮಾನ ಸೋಮವಾರದ್ದೇ ಇತ್ತು. ಅಲ್ಲಿಯವರೆಗೆ ಬೆರ್ಗೆನ್ ಪೇಟೆಯ ಒಂದು ಲಾಡ್ಜಿನಲ್ಲಿ ಕೂತಿದ್ದೆ. ನಿನ್ನ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕಾರಣ ಆಸ್ಲೌಗ್.

ನಗಬೇಡ. ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಬಂದರೆ ಹಲ್ಲುನೋವಿನ ಹಾಗೆ, ಯಾರಿಗೂ ತೋರಿಸುವಂತಿಲ್ಲ, ಊಟವೂ ಸೇರುವುದಿಲ್ಲ.

ಅದು ಈಗ ಶುರುವಾದದ್ದಲ್ಲ. ನೀವು ಕೆಳಗಿನ ರಸ್ತೆಯಲ್ಲಿ ಬಾಡಿಗೆಗಿದ್ದಾಗಲೇ ತನ್ನ ಪಕ್ಕದ ಮನೆ ಮಾರಾಟಕ್ಕಿದೆ ಎಂದು ನಿನ್ನ ಕಿವಿಗೆ ಹಾಕಿದವಳು ಅವಳು. ಕೊಳ್ಳುವವರು ಒಬ್ಬರ ಮೇಲೊಬ್ಬರು ಬೆಲೆ ಏರಿಸಿದ ದಿನ ನಿನ್ನೆದುರು ಕೂತು ಕಾಫಿ ಮಾಡಿಕೊಟ್ಟವಳೂ ಅವಳೇ. ಮನೆ ನಮ್ಮದಾಯಿತು ಎಂದು ನೀನು ನನಗೆ ಫೋನ್ ಮಾಡಿ ಅತ್ತಾಗ ಹಿಂದೆ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ಐವಿಂದ್ ಇರಬೇಕು ಅಂದುಕೊಂಡೆ. ನಿನ್ನ ಗಂಡ ಆವತ್ತು ಹಡಗಿನ ಕೆಲಸದಲ್ಲಿ ಸಮುದ್ರದ ಮೇಲಿದ್ದ ಎಂದು ಆಮೇಲೆ ತಿಳಿಯಿತು.

ಹೋದ ವಾರ ನಾನು ಮೊದಲ ಸಲ ನಿನ್ನ ಮನೆಗೆ ಬಂದೆ. ಬಂದ ದಿನವೇ ನೀನು ನನ್ನ ಕೈಗೆ ಸುತ್ತಿಗೆ ಕೊಟ್ಟು, ಅಜ್ಜಿಯ ಫೋಟೋ ಹಾಕಲು ಎಲ್ಲಿ ಬೇಕಾದರೂ ಮೊಳೆ ಹೊಡೆ ಅಂದೆ. ಯಾರನ್ನು ಕೇಳಬೇಕು ಎಂದು ನನ್ನ ಬಾಯಿಂದ ತಾನಾಗಿಯೇ ಬಂತು. ನೀನು ಬಿದ್ದು ಬಿದ್ದು ನಕ್ಕೆ. ನಿನಗೆ ನೆನಪಿದೆಯೋ ಇಲ್ಲವೋ, ನೀನು ಬೆಳೆದ ಯಾವ ಮನೆಯ ಗೋಡೆಗೂ ನಾವು ಮೊಳೆ ಹೊಡೆದವರಲ್ಲ. ಮನೆಯೊಡೆಯರು ಬಿಡುತ್ತಿರಲಿಲ್ಲ. ಫೋಟೋಗಳೆಲ್ಲ ಕಪಾಟಿನ ಮೇಲೆ ಗೋಡೆಗೆ ಒರಗಿ ನಿಂತಿರುತ್ತಿದ್ದವು. ನನ್ನ ಮಗಳ ಸ್ವಂತ ಗೋಡೆಗೆ ಮೊಳೆ ಹೊಡೆದು, ಹಿಂದೆ ಸರಿದು ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ತಟ್ಟಲಿಲ್ಲ, ಕೂಗಲಿಲ್ಲ. ರಬ್ಬರ್ ಬೂಟು ಬಿಚ್ಚಿಟ್ಟು, ಬಿಸಿ ವಾಫಲ್ ತಟ್ಟೆ ಹಿಡಿದು ಒಳಗೆ ಬಂದ ಆಸ್ಲೌಗ್ ಗೋಡೆ ನೋಡಿ, ಸ್ವಲ್ಪ ಎಡಕ್ಕೆ ವಾಲಿದೆ ಅಂದಳು.

ವಾಲಿತ್ತು ಕೂಡ.

ಆಮೇಲೆ ನಾನು ಚಮಚಕ್ಕಾಗಿ ಒಂದೊಂದೇ ಡ್ರಾಯರ್ ಎಳೆದು ಹುಡುಕುತ್ತಿದ್ದರೆ ಅವಳು ಕೂತಲ್ಲಿಂದಲೇ ಕೈ ಚಾಚಿ ತೆಗೆದುಕೊಟ್ಟಳು. ಅಡಿಗೆಮನೆಯ ಕಿಟಕಿಗೆಂದು ನಾನು ಚಳಿಗಾಲವೆಲ್ಲ ಕೂತು ಪರದೆ ಹೊಲಿದಿದ್ದೆ. ಅಲ್ಲಿ ಆಗಲೇ ಒಂದು ನೀಲಿ ಪರದೆ ತೂಗುತ್ತಿತ್ತು. ಆಸ್ಲೌಗ್ ಹೊಲಿದುಕೊಟ್ಟಳು, ಚೆನ್ನಾಗಿದೆ ಅಲ್ಲವಾ ಎಂದು ನೀನು ಕೇಳಿದೆ. ಚೆನ್ನಾಗಿದೆ ಅಂದೆ. ನನ್ನದು ಚೀಲದಿಂದ ಹೊರಗೆ ಬರಲೇ ಇಲ್ಲ.

ನಿಮ್ಮ ಸಾಲಿನ ಜನ ಒಳ್ಳೆಯವರು. ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ದುಗ್ನಾದಿನ ಬೆಳಿಗ್ಗೆ ಎಲ್ಲರೂ ಗುದ್ದಲಿ, ಕುಂಟೆ ಹಿಡಿದು ಹೊರಬಂದದ್ದು, ಒಬ್ಬರು ಬೇಲಿಗೆ ಬಣ್ಣ ಬಳಿದರೆ ಇನ್ನೊಬ್ಬರು ಸಾಸೇಜ್ ಸುಡುತ್ತಿದ್ದದ್ದು, ನೀನು ಮೊಣಕೈವರೆಗೆ ಮಣ್ಣು ಮಾಡಿಕೊಂಡು ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದದ್ದು, ಇದೆಲ್ಲ ನೋಡಿ ನನ್ನ ಮನಸ್ಸು ತುಂಬಿತು. ಆಗ ಮೂಲೆಮನೆಯ ಮುದುಕ ನನಗೊಂದು ಜೊತೆ ಕೈಗವಸು ತಂದುಕೊಟ್ಟು ವಿಚಾರಿಸಿದ: "ಆಸ್ಲೌಗ್‌ಳ ಹುಡುಗಿ ಇದ್ದಾಳಲ್ಲ, ಅವಳ ತಾಯಿ ನೀವೇನಾ?"

ಆಸ್ಲೌಗ್‌ಳ ಹುಡುಗಿ. ನಾನು ಹೌದು ಅಂದೆ. ಬೇರೆ ಏನು ಹೇಳಲಿ?

ಆಮೇಲೆ ನಾನು ಮಾಡಿದ್ದು ನಿನಗೂ ಕಂಡಿರಬೇಕು. ಅವಳು ಒಂದು ಚೀಲ ಒಣ ಎಲೆ ತುಂಬಿದರೆ ನಾನು ಎರಡು ತುಂಬಿದೆ. ಅವಳು ಕಾಫಿಗೆ ಕೂತರೆ ನಾನು ಕೂರಲಿಲ್ಲ. ಸೊಂಟ ಇನ್ನೂ ಹಿಡಿದುಕೊಂಡಿದೆ. ಅಷ್ಟರಲ್ಲಿ ನೀನು ಮಣ್ಣಿನ ಮೂಟೆ ಎತ್ತಲು ಬಂದೆ. ಬೇಡ, ಎತ್ತಬೇಡ ಎಂದು ಅವಳು ದೂರದಿಂದಲೇ ಗದರಿದಳು. ನೀನು ಮೂಟೆ ಕೆಳಗಿಟ್ಟು ಸುಮ್ಮನೆ ಹೋದೆ. ಅದೇ ನಾನು ಹೇಳಿದ್ದರೆ ನೀನು ಇನ್ನೊಂದನ್ನೂ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ.

ಯಾಕೆ ಬೇಡ ಅಂದಿರಿ ಎಂದು ನಾನು ಅವಳ ಹಿಂದೆಯೇ ಹೋಗಿ ಕೇಳಿದೆ. ಅವಳು ನಡೆದದ್ದನ್ನೆಲ್ಲ ಹೇಳಿದಳು. ನನಗೆ ಗೊತ್ತಿರುತ್ತದೆ ಎಂದುಕೊಂಡೇ ಹೇಳಿದಳು. ನನಗೆ ಗೊತ್ತೇ ಇರಲಿಲ್ಲವೆಂದು ಅವಳಿಗೆ ತಿಳಿದದ್ದು ಹೇಳಿ ಮುಗಿಸಿ ನನ್ನ ಮುಖ ನೋಡಿದ ಮೇಲೆಯೇ. ಅದನ್ನು ಇಲ್ಲಿ ಬರೆಯಲು ನನ್ನಿಂದಾಗದು. ಅದಾದ ಮೇಲೆಯೇ ನಾನು ಅಂಗಡಿಯ ಸುಳ್ಳು ಹೇಳಿ ಹೊರಟದ್ದು.

ಅವಳು ಬಸ್ ನಿಲ್ದಾಣದವರೆಗೆ ನನ್ನ ಹಿಂದೆ ಓಡಿಬಂದಳು. ನಿನಗೆ ಹೇಳಿರಲಾರಳು. ಕುಂಟೆ ಕೈಯಲ್ಲೇ ಇತ್ತು. ಈ ಬಸ್ಸು ಹೋಗಲಿ, ಇನ್ನೊಂದು ಬರುತ್ತದೆ, ಕೂತು ಮಾತಾಡೋಣ ಅಂದಳು.

"ನೀವು ವಾಪಸ್ ಹೋಗಿ," ಅಂದೆ. "ನಿಮ್ಮ ಹುಡುಗಿ ಕಾಯ್ತಿರ್ತಾಳೆ."

ಅವಳಿಗೆ ಸಿಟ್ಟು ಬಂತು. "ನನ್ನ ಹುಡುಗಿಯಂತೆ! ಮೀನಿನ ಕಟ್ಲೆಟ್ ಮಾಡಿಕೊಟ್ರೆ, ನಮ್ಮಮ್ಮ ಇದಕ್ಕೆ ಜಾಯಿಕಾಯಿ ಜಾಸ್ತಿ ಹಾಕ್ತಾಳೆ ಅಂತಾಳೆ. ಹಾಸಿಗೆ ಹೊದಿಕೆ ಮಡಚಿದ್ರೆ, ನಮ್ಮಮ್ಮ ಹೀಗೆ ಮಡಚಲ್ಲ ಅಂತಾಳೆ. ನಿಮ್ಮ ಹೆಸರು ಕೇಳಿ ಕೇಳಿ ನನಗೆ ಸಾಕಾಗಿಹೋಗಿದೆ. ಆವತ್ತು ವಾಫಲ್ ತಂದಿದ್ದು ಪ್ರೀತಿಯಿಂದ ಅಂದ್ಕೊಂಡ್ರಾ? ನೀವು ಹೇಗಿದೀರಿ ಅಂತ ನೋಡೋಕೆ ಬಂದಿದ್ದೆ."

ನಗು ಬಂತು. ಆದರೆ ಅವಳೆದುರು ನಗುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬಸ್ಸು ಬಂತು, ಹತ್ತಿದೆ. ತಿರುವಿನಲ್ಲಿ ತಿರುಗಿ ನೋಡಿದೆ. ಕುಂಟೆ ಊರಿಕೊಂಡು ಅಲ್ಲೇ ನಿಂತಿದ್ದಳು.

ಜೂನ್ ಕೊನೆಗೆ ನಿಮ್ಮ ಸಾಲಿನವರೆಲ್ಲ ಹೊರಗೆ ಮೇಜು ಹಾಕಿ ಊಟ ಮಾಡುತ್ತೀರಂತೆ. ಬರುತ್ತೇನೆ. ಮೀನಿನ ಕಟ್ಲೆಟ್ ನನ್ನ ಕೈಯದು. ಅವಳಿಗೆ ಮೊದಲೇ ತಿಳಿಸು, ಆಮೇಲೆ ಜಗಳವಾಗುವುದು ಬೇಡ. ಹೊಟ್ಟೆಕಿಚ್ಚು ಹೋಯಿತು ಎಂದು ಮಾತ್ರ ತಿಳಿಯಬೇಡ. ಹೋಗಿಲ್ಲ.

ಐವಿಂದ್‌ಗೆ ನನ್ನ ನೆನಪು ಹೇಳು. ಬೆನ್ನಿಗೆ ತಂಡಿ ತಾಗದ ಹಾಗೆ ಇರು.

ನಿನ್ನ ಅಮ್ಮ,
ಯೋರುನ್

ಹೆಸರು ಬರೆದು ಮುಗಿಸಿದ ಮೇಲೂ ಕೈ ಪೆನ್ನು ಬಿಡುತ್ತಿಲ್ಲ. ಬರೆದೇಬಿಡುತ್ತೇನೆ. ಜನವರಿಯಲ್ಲಿ ನಿನ್ನ ಮಗು ಹೊಟ್ಟೆಯಲ್ಲೇ ಹೋಯಿತೆಂದು, ಐವಿಂದ್ ಊರಲ್ಲಿರಲಿಲ್ಲವೆಂದು, ಆಸ್ಲೌಗ್ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ದು ಕೊನೆಯವರೆಗೂ ನಿನ್ನ ಕೈ ಹಿಡಿದು ಕೂತಿದ್ದಳೆಂದು, ಅಂದಿನಿಂದ ನಿನಗೆ ಭಾರ ಎತ್ತಲು ಬಿಡುವುದಿಲ್ಲವೆಂದು ನನಗೆ ಗೊತ್ತಾಗಿದೆ. ಅವಳನ್ನು ಬೈಯಬೇಡ. ನನಗೇಕೆ ಹೇಳಲಿಲ್ಲ ಎಂದು ನಿನ್ನನ್ನು ಕೇಳುವುದೂ ಇಲ್ಲ. ನೀನು ಹುಟ್ಟುವ ಮೊದಲು ನನಗೂ ಒಂದು ಹೋಗಿತ್ತು. ನಾನೂ ನನ್ನ ಅಮ್ಮನಿಗೆ ಹೇಳಲಿಲ್ಲ. ಮಹಡಿಯ ಮೇಲಿನವರಿಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಂಡು ಅತ್ತೆ. ಕರೆಯೋಣವೆಂದರೆ ಆ ಬೀದಿಯಲ್ಲಿ ನನಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಲಾಡ್ಜಿನ ಕೋಣೆಯಲ್ಲಿ ಒಬ್ಬಳೇ ಕೂತಾಗ ನನಗೆ ಯಾರನ್ನು ಕಂಡರೆ ಹೊಟ್ಟೆ ಉರಿಯುತ್ತಿದೆ ಎಂದು ಅರ್ಥವಾಯಿತು, ತಿರಿಲ್. ನಿನ್ನನ್ನು.