ದೊಡ್ಡಪ್ಪ ಬಿಟ್ಟುಕೊಟ್ಟ ಕುರ್ಚಿ

ಹಳೇ ಹುಬ್ಬಳ್ಳಿ,
೧೧ ಜನವರಿ ೨೦೦೪

ಪ್ರೀತಿಯ ನೀಲಾ,

ಆರಾಮ ಇದ್ದೀಯಾ? ಪುಣೆಯ ಚಳಿಗೆ ಕೆಮ್ಮು ಮತ್ತೆ ಶುರುವಾಗಿದೆಯೋ ಹೇಗೆ? ಹಾಸ್ಟೆಲಿನ ಊಟ ಬಿಟ್ಟು ಬರೀ ಬಿಸ್ಕೀಟು ತಿನ್ನಬೇಡ. ಸಂಕ್ರಮಣಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಳಿಸುತ್ತೇನೆ, ಗೆಳತಿಯರಿಗೂ ಕೊಡು.

ಇಲ್ಲಿಯ ಸುದ್ದಿ ಕೇಳು ಮಗಳೇ. ನಾಳೆ ನನ್ನನ್ನು ನಮ್ಮ ಹತ್ತಿ ಜಿನ್ನಿಂಗ್ ಕಂಪನಿಗೆ ಅಧ್ಯಕ್ಷಳನ್ನಾಗಿ ಮಾಡುತ್ತಾರಂತೆ. ನಗಬೇಡ. ನಿನ್ನಪ್ಪ ತೀರಿಕೊಂಡ ಮೇಲೆ ಹೆಸರಿಗೆ ಡೈರೆಕ್ಟರ್ ಆದವಳು ನಾನು. ಸಭೆ ಎಂದರೆ ನನಗೆ ಆಫೀಸಿನ ಜವಾನ ಗುಲಾಬಸಾಬ ಅಡುಗೆಮನೆ ಬಾಗಿಲಿಗೆ ತರುವ ಕಾಗದ, ಹಿಟ್ಟಿನ ಕೈ ಒರೆಸಿಕೊಂಡು ಹಾಕುವ ಸಹಿ, ಅಷ್ಟೇ. ಮೊನ್ನೆ ನಿನ್ನ ದೊಡ್ಡಪ್ಪ ತಾವೇ ಮನೆಗೆ ಬಂದರು. "ಇಷ್ಟ ವರ್ಷ ನಾವ್ ಗಂಡಸರು ನಡಿಸಿದ್ವಿ. ಇನ್ನ ಆ ಕುರ್ಚಿ ಮ್ಯಾಲ ನೀನ ಕುಂಡ್ರಬೇಕವಾ ತಂಗಿ. ಹೆಣ್ಣುಮಕ್ಳು ಮ್ಯಾಲಿದ್ದ ಕಂಪನಿಗೋಳು ಲಾಭದಾಗ ಅದಾವಂತ, ನಿನ್ನ ಮಗಳ ಹೇಳ್ಯಾಳಲ್ಲ" ಎಂದರು. ದೀಪಾವಳಿಗೆ ಬಂದಾಗ ನೀನು ಅವರಿಗೆ ಓದಿ ಹೇಳಿದೆಯಲ್ಲ, ಆ ವರದಿಯ ಮಾತು. ಆವತ್ತು "ಓದಿ ಓದಿ ಹುಡುಗಿ ತಲಿ ಕೆಟ್ಟೈತಿ" ಎಂದು ನಕ್ಕವರೂ ಅವರೇ.

ಲಕ್ಷ್ಮೀ ಪೂಜೆಯ ದಿನ ಒರೆಸಲಿಕ್ಕೂ ಯಾರನ್ನೂ ಮುಟ್ಟಗೊಡದ ತಮ್ಮ ಕುರ್ಚಿಗೆ ನನಗಾಗಿ ಹೊಸ ಗಾದಿ ಹೊಲಿಸಿದ್ದಾರೆ. ಬನದ ಹುಣ್ಣಿಮೆಗೆ ಅವರ ಮನೆಗೆ ಹೋದಾಗ ಗೌರಕ್ಕ ದೊಡ್ಡಮ್ಮ ಹೋಳಿಗೆಗೆ ತುಪ್ಪವನ್ನು ಮೊದಲು ನನಗೇ ಬಡಿಸಿದರು. ನಾನು ಮದುವೆಯಾಗಿ ಬಂದಾಗಿನಿಂದ ಹಾಗೆ ಬಡಿಸಿದವರಲ್ಲ. ಅದನ್ನು ಕಂಡೇ ನನಗೆ ಹೆದರಿಕೆ ಹುಟ್ಟಿದ್ದು. ಹತ್ತಿ ಬರುವ ಹಂಗಾಮಿನಲ್ಲಿ ಗಿರಣಿ ನಿಂತಿದೆ. ಬ್ಯಾಂಕಿನವರು ಬಂದು ಬೀಗ ಹಾಕುವ ಮಾತಾಡಿ ಹೋದರು. ದೊಡ್ಡಪ್ಪ ಕೆಲಗೇರಿಯ ಹೊಸ ಮನೆಯನ್ನು ಸದ್ದಿಲ್ಲದೆ ಮಗನ ಹೆಸರಿಗೆ ಮಾಡಿಸಿದ್ದಾರೆ. ಅಧ್ಯಕ್ಷಳಾದವಳು ನಾಳೆಯೇ ಬ್ಯಾಂಕಿನ ಸಾಲದ ಜಾಮೀನಿಗೂ ಸಹಿ ಹಾಕಬೇಕಂತೆ. ಹಾಕಿದರೆ ನಿನ್ನಪ್ಪ ನಮಗೆಂದು ಬಿಟ್ಟುಹೋದ ಈ ಮನೆಯೂ ಉಳಿಯುವುದಿಲ್ಲ.

ನಿನ್ನ ವರದಿ ಸುಳ್ಳು ಎನ್ನುತ್ತಿಲ್ಲ. ಆದರೆ ಆ ಹೆಂಗಸರ ಕೈಗೆ ಕೊಟ್ಟಾಗ ಕಂಪನಿ ನಡೆಯುತ್ತಿತ್ತೋ ನಿಂತಿತ್ತೋ, ಅದನ್ನು ಬರೆದಿದ್ದಾರಾ ನೋಡು. ಬೇಡ ಎನ್ನಬೇಕೆಂದೇ ನಾನು ಬಾಯಿ ತೆರೆದೆ. ದೊಡ್ಡಪ್ಪನ ಮುಂದೆ ನನಗೆ ಯಾವಾಗ ಮಾತು ಹೊರಟಿದೆ? ಸೆರಗು ಸರಿಮಾಡಿಕೊಂಡು "ಹೂಂನ್ರಿ" ಅಂದುಬಿಟ್ಟೆ. ನನ್ನ ಮೇಲೆ ನನಗೇ ಸಿಟ್ಟು ಬಂದಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಸಿದ್ಧಾರೂಢ ಅಜ್ಜ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ದಾಕ್ಷಾಯಿಣಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗುಲಾಬಸಾಬ ನಾಳೆಯ ಕಾಗದ ತಂದ. ನನ್ನ ಹೆಸರಿನ ಕೆಳಗೆ ಡೈರೆಕ್ಟರ್ ಎಂದು ನಿನ್ನ ಹೆಸರೂ ಇದೆ. "ಇಬ್ಬರು ಹೆಣ್ಣುಮಕ್ಳಿದ್ರ ಇನ್ನೂ ಛಲೋ" ಅಂದರಂತೆ ದೊಡ್ಡಪ್ಪ. ನಿನಗೂ ಕಾಗದ ಬರುತ್ತದೆ. ಸಹಿ ಮಾಡಬೇಡ. ಅವರು ಪಕ್ಕದಲ್ಲೇ ನಿಂತು ನನ್ನಿಂದ ಫೋನ್ ಮಾಡಿಸುತ್ತಾರೆ. ಆಗ ನಾನೇ ಮಾಡು ಅಂದರೂ ಮಾಡಬೇಡ, ನೀಲಾ.