ಕ್ಲಿನಿಕ್ಕಿನ ಸರ್ವರಿಗೆ ಬೀಗ
ಮಾರ್ಚ್ ೧೪, ಶುಕ್ರವಾರ.

ತಂಗಿಯ ಕ್ಲಿನಿಕ್ಕಿನ ಸರ್ವರಿಗೆ ಕೊನೆಗೂ ಬೀಗ ಬಿತ್ತು! ರೋಗಿಗಳ ಗುಟ್ಟು ವೈಫೈಯಲ್ಲಿ ಬಟಾಬಯಲಾಗಿ ಓಡಾಡುವುದಾದರೆ ರೋಗಿಗಳ ದಾಖಲೆಗೆಂದು ನಾನು ಬರೆದುಕೊಟ್ಟ ಪ್ರೋಗ್ರಾಮೇ ಬೇಡವೆಂದು ನಮ್ಮ ಡಾಕ್ಟರಮ್ಮ ತಂಗಿ ಹಠ ಹಿಡಿದಿದ್ದಳು. ಸರ್ವರಿನ ಗುರುತು ಹೇಳುವ ಪ್ರಮಾಣಪತ್ರವನ್ನು ನಾನೇ ತಯಾರಿಸಿ ಹಾಕಿದ್ದೆ. ಆದರೂ ಬ್ರೌಸರು ಬೆಳಗಿನಿಂದ ‘ಸುರಕ್ಷಿತವಲ್ಲ’ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನೋಡಿದರೆ, ಪ್ರಮಾಣಪತ್ರದಲ್ಲಿ ನಾನು ಸರ್ವರಿಗಿಟ್ಟ ಮುದ್ದಿನ ಹೆಸರು ‘ಗುಂಡ’ ಎಂದಿದೆ. ಕ್ಲಿನಿಕ್ಕಿನಲ್ಲಿ ಎಲ್ಲರೂ ತೆರೆಯುವುದು ಅಂಕಿಗಳ ವಿಳಾಸದಿಂದ, ಎರಡೂ ತಾಳೆಯಾಗುವುದು ಹೇಗೆ!

“ಗುಂಡ ಯಾರು ಅಂತ ನಿನ್ನ ಬಿಟ್ರೆ ಇನ್ಯಾರಿಗಣ್ಣ ಗೊತ್ತು?” ಎಂದು ನಕ್ಕಳು.

ಆ ವಿಳಾಸವನ್ನೂ ಸೇರಿಸಿ ಹೊಸ ಪ್ರಮಾಣಪತ್ರ ಮಾಡಿ, ಅದನ್ನು ನಂಬುವಂತೆ ಅವಳ ಕಂಪ್ಯೂಟರಿಗೂ ಹೇಳಿದೆ. ಪರದೆಯ ಮೇಲೆ ‘ಸುರಕ್ಷಿತ’ ಎನ್ನುವ ಪುಟ್ಟ ಬೀಗದ ಗುರುತು ಮೂಡಿತು. ಅವಳು ತಕ್ಷಣ ಮೊದಲ ರೋಗಿಯೆಂದು ನನ್ನ ಹೆಸರನ್ನೇ ಬರೆದಳು.

“ಬೆಳಿಗ್ಗೆ ಶುಗರ್ ಎಷ್ಟಿತ್ತು? ನಿಜ ಹೇಳು, ಈಗ ಹೊರಗೆ ಹೋಗಲ್ಲ.”

ಹೇಳಿಯೇಬಿಟ್ಟೆ, ಅಷ್ಟು ಖುಷಿಯಾಗಿತ್ತು.