ಬೆಂಕಿ ಮಂಚದಿಂದ ಇಳಿಸಿದ್ದು

ಬಾನ್ ನಾಕೋಕ್
ಹೊಸ ವರ್ಷದ ನೀರೆರಚಾಟ ಮುಗಿದ ಸೋಮವಾರ

ಮುದ್ದು ಮಲಿವನ್‌ಗೆ, ಸಿಟ್ಟಾಗಿರುವ ಅಜ್ಜಿಯ ಆಶೀರ್ವಾದ.

ನಿನ್ನ ಕಾಗದ ಬಂತು. ನಿಮ್ಮ ಆಸ್ಪತ್ರೆಯಲ್ಲಿ ನೀನು ನೋಡಿಕೊಳ್ಳುತ್ತಿದ್ದ ಬಾಣಂತಿ ತೀರಿಕೊಂಡಳು, ಈ ಸೂಲಗಿತ್ತಿ ತರಬೇತಿ ಸಾಕು, ಊರಿಗೆ ಬರುತ್ತೇನೆ ಎಂದು ಬರೆದಿದ್ದೀಯ. ಓದಿ ನಿನ್ನ ಅಪ್ಪ ಹಿಗ್ಗಿಹೋದ. "ಸೂಲಗಿತ್ತಿ ಅಂದ್ರೆ ಹೆರಿಗೆ ಮಾಡ್ಸೋಳು. ಸಾಯೋರ ಪಕ್ಕ ಕೂರೋದು ಡಾಕ್ಟರ ಕೆಲಸ. ನನ್ನ ಮಗಳು ಬಂದು ನೂಡಲ್ಸ್ ಅಂಗಡಿ ನೋಡ್ಕೊಳ್ಳಲಿ" ಅಂತ ಅವನ ತೀರ್ಪು. ಶನಿವಾರ ನಿನ್ನನ್ನು ಕರೆತರಲು ಹೊರಟಿದ್ದಾನೆ. ಅವನು ಹೋಗಲಿ, ನೀನು ಬರಬೇಡ. ಬಂದರೆ ಕಂಬಗಳ ಮೇಲಿನ ಈ ಮನೆಗೆ ಹತ್ತುವ ಏಣಿಯನ್ನೇ ಮೇಲಕ್ಕೆ ಎಳೆದುಕೊಳ್ಳುತ್ತೇನೆ.

ಹೋದ ವಾರ ಇಲ್ಲೇನಾಯಿತು ಕೇಳು. ನಿನ್ನ ಅತ್ತಿಗೆ ನೊಯ್ ಹೆತ್ತು, ನಮ್ಮ ಬಾಣಂತಿಯರೆಲ್ಲ ಕಾವಿಗೆ ಮಲಗುವ ಬೆಂಕಿ ಮಂಚ ಹಿಡಿದಿದ್ದಳು. ಮೇಲೆ ಈ ಬಿಸಿಲು, ಕೆಳಗೆ ಕೆಂಡ. ಮೈ ಸುಡುತ್ತಿತ್ತು. ಮುಟ್ಟಿದವರೆಲ್ಲ ಕೆಂಡದ ಕಾವು ಎಂದರು. ರಜೆಗೆ ಬಂದಾಗ ನೀನು ಹೇಳಿದ್ದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು: ಬೆಂಕಿಯಿಂದ ದೂರ ಮಲಗಿಸಿದ ಮೇಲೂ ಮೈ ಆರದಿದ್ದರೆ ಅದು ಒಳಗಿನ ಜ್ವರ, ಉಸಿರು ನೋಡು, ಮಾತು ನೋಡು. ಇಳಿಸಿಯೇ ಬಿಟ್ಟೆ.

"ಬಾಣಂತಿಗೆ ಗಾಳಿ ತಾಗಿಸ್ತೀಯಲ್ಲ ಮುದುಕಿ, ಅರಳು ಮರಳಾ ನಿಂಗೆ?" ಅಂತ ನಿನ್ನ ದೊಡ್ಡಮ್ಮ ಬೀದಿಗೆ ಕೇಳುವಂತೆ ಕೂಗಿದಳು. ಬಾಯಿಗೆ ಕೆಲಸ ಬೇಕಿದ್ರೆ ಅಂಟನ್ನ ಅಗಿ ಎಂದೆ.

ಇಳಿಸಿದರೂ ನೊಯ್ ಮೈ ಆರಲಿಲ್ಲ. ಓಡಿಬಂದವಳಂತೆ ಏದುಸಿರು. ಮಗು ಯಾರದು ಎಂದು ನನ್ನನ್ನೇ ಕೇಳಿದಳು! ನಿನ್ನ ಅಪ್ಪನ ಅಂಗಡಿ ಮುಚ್ಚಿಸಿ ಗಾಡಿ ಹೊರಡಿಸಿದೆ. ರಕ್ತಕ್ಕೆ ನಂಜೇರಿದೆ ಎಂದು ಜಿಲ್ಲಾ ಆಸ್ಪತ್ರೆಯವರು ಬಾಟಲಿ ಏರಿಸಿದರು. ನಿನ್ನೆ ಎದ್ದು ಕೂತು ಮಗುವಿಗೆ ಹಾಲೂಡಿಸಿದಳು. ಕೈಗೆ ಕಟ್ಟಿದ ರಕ್ಷೆಯ ದಾರ ಕಾಯಿತು ಅನ್ನುತ್ತಾನೆ ನಿನ್ನ ಅಪ್ಪ. ದಾರ ಅವಳನ್ನು ಮಂಚದಿಂದ ಇಳಿಸಿತೇನು?

ನೀನು ಅರ್ಧ ಕಲಿತು ಬಂದು ನೂಡಲ್ಸ್ ಬೇಯಿಸಿದರೆ, ಮುಂದಿನವಳನ್ನು ಇಳಿಸಿ ನಾನು ಯಾರ ಕೈಗೆ ಕೊಡಲಿ? ಅಳಬೇಕೆನಿಸಿದಷ್ಟು ಅಳು. ಉಣ್ಣು. ಮತ್ತೆ ಅವಳು ತೀರಿಕೊಂಡ ಆ ಹೆರಿಗೆ ಕೋಣೆಗೇ ಹೋಗು.

ಇಲ್ಲಿ ಎಲ್ಲರ ಜೊತೆ ಜಗಳ ಕಾಯ್ದುಕೊಂಡಿರುವ,
ನಿನ್ನ ಅಜ್ಜಿ ಸೇಂಗ್‌ಚಾನ್

ಮರೆತಿದ್ದೆ: ತೀರಿಕೊಂಡವಳ ತಾಯಿ ನದಿ ದಾಟಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಬೈಯಲು ಬಂದಳೆಂದು ನಾನೂ ಟೊಂಕ ಕಟ್ಟಿ ನಿಂತೆ. "ಬಾಗಿಲ ಗಾಜಿನಿಂದ ನೋಡ್ತಿದ್ದೆ ಅಕ್ಕಾ, ನಿಮ್ಮ ಹುಡುಗಿ ಕೊನೇವರೆಗೂ ಅವಳ ಕೈ ಬಿಡ್ಲಿಲ್ಲ. ನನ್ನ ಕಿರಿಯವಳಿಗೂ ಈಗ ಏಳು ತಿಂಗಳು, ಕಾಲೆಲ್ಲ ಊದಿದೆ. ನಿಮ್ಮ ಹುಡುಗಿ ಅಲ್ಲೇ ಇರ್ತಾಳೆ ತಾನೇ?" ಅಂದಳು. ಇರ್ತಾಳೆ ಅಂತ ಮಾತು ಕೊಟ್ಟಿದ್ದೇನೆ.